ಚೇಳುಗಳ ಕಡೆಯಿಂದ ಆಡುವವರು

ಆ ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ಹೇಗೆ ಎಂಬ ಬಗ್ಗೆ ನನಗೂ ಅಣ್ಣನಿಗೂ ಇವತ್ತಿಗೂ ಒಮ್ಮತವಿಲ್ಲ. ಸಂಡೂರಿನ ಗುಡ್ಡದಲ್ಲಿ ಅದಿರು ಪುಡಿಮಾಡುವ ಯಂತ್ರ ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಪ್ರೀತಿಯಿಂದ ಕೊಟ್ಟ ಎನ್ನುತ್ತಾನೆ ಅಣ್ಣ. ನನ್ನ ನೆನಪಿನಲ್ಲಿ ಅವನು ಕೊಟ್ಟದ್ದಲ್ಲ, ಹೊಸಪೇಟೆಯ ಲಾಡ್ಜಿನ ಕೋಣೆಯಲ್ಲಿ ಬಿಟ್ಟುಹೋದದ್ದು. ಲಾಡ್ಜಿನವರು ಅದನ್ನು ಅಣ್ಣನ ಟೈರ್ ಅಂಗಡಿಗೆ ತಂದು ಹಾಕಿದ್ದರು. ಇಂಥ ಚಿಕ್ಕ ಸಂಗತಿಯಲ್ಲೇ ಒಂದೇ ಮನೆಯ ಇಬ್ಬರ ನೆನಪು ಹೀಗೆ ಕವಲೊಡೆದರೆ, ಮುಂದೆ ನಾನು ಬರೆಯುವುದನ್ನು ಓದುವವರು ಎಷ್ಟು ನಂಬಬೇಕು ಎಂದು ನನಗೇ ಅನುಮಾನ. ದಿನಚರಿ ಬರೆಯುವ ಅಭ್ಯಾಸ ಆಗಲೂ ಇತ್ತು. ಆದರೆ ಆ ದಿನಗಳ ಪುಟಗಳಲ್ಲಿ ‘ಮಧ್ಯಾಹ್ನ ಆಟ. ಸೋತೆವು’ ಎಂಬುದಕ್ಕಿಂತ ಹೆಚ್ಚೇನೂ ಇಲ್ಲ.

ಅದು ಯಾವುದೋ ಇಂಗ್ಲಿಷ್ ಸಿನಿಮಾ ಸರಣಿಯನ್ನು ಆಧರಿಸಿದ ಆಟ. ಆ ಸಿನಿಮಾಗಳನ್ನೆಲ್ಲ ಅಣ್ಣ ನಮ್ಮೂರಿನ ಟಾಕೀಸಿನಲ್ಲಿ ತೆಲುಗಿನಲ್ಲಿ ನೋಡಿದ್ದ. ಆಕಾಶದಲ್ಲಿ ಹೋಗುವ ಒಂದು ಹಡಗು, ಅದರೊಳಗೆ ಹೊಕ್ಕು ಒಬ್ಬೊಬ್ಬರನ್ನೇ ಹಿಡಿಯುವ ಪ್ರಾಣಿಗಳು, ಓಡುವ ಮನುಷ್ಯರು. ಅಷ್ಟೇ ಕಥೆ ಎಂದು ಅವನು ಹೇಳಿದ. ಪೆಟ್ಟಿಗೆಯಲ್ಲಿ ಹಡಗಿನ ಕೋಣೆಗಳ ಚಿತ್ರವಿದ್ದ ದಪ್ಪ ರಟ್ಟುಗಳಿದ್ದವು. ಅವನ್ನು ಒಂದಕ್ಕೊಂದು ಕೂಡಿಸಿದರೆ ಉದ್ದನೆಯ ಓಣಿಯಾಗುತ್ತಿತ್ತು. ಬೂದು ಬಣ್ಣದ ನಾಲ್ಕು ಮನುಷ್ಯ ಗೊಂಬೆಗಳು ಹೆಬ್ಬೆರಳಿನ ಅರ್ಧದಷ್ಟಿದ್ದವು. ಕಪ್ಪು ಪ್ರಾಣಿಗಳು ಒಂದು ಚೀಲದ ತುಂಬ. ಬಾಲ ಎತ್ತಿ ಬಾಗಿದ ಅವುಗಳನ್ನು ನನ್ನ ಅತ್ತೆ ಅಂಗೈಯಲ್ಲಿಟ್ಟುಕೊಂಡು, ಕಪ್ಪು ಕನ್ನಡಕದ ಹತ್ತಿರ ತಂದು ನೋಡಿ, ‘ಇವು ಚೇಳು’ ಎಂದು ತೀರ್ಮಾನಿಸಿದಳು. ಆಮೇಲೆ ನಾವ್ಯಾರೂ ಅವನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಗಾದಿಗನೂರಿನ ರಸ್ತೆ ಬದಿಯಲ್ಲಿದ್ದ ನಮ್ಮ ಹಿರಿಯರ ಹೊಲದಲ್ಲೇ ಒಂದು ಮನೆ ಮಾಡಿಕೊಂಡು, ಎರಡು ಎಮ್ಮೆ ಕಟ್ಟಿಕೊಂಡು, ಬಾವಿ ನೀರಿನಲ್ಲಿ ಈರುಳ್ಳಿ, ಮೆಣಸಿನಕಾಯಿ ಬೆಳೆದುಕೊಂಡಿದ್ದಳು. ಪಹಣಿಯಲ್ಲಿ ಹೊಲ ನಾಲ್ವರ ಹೆಸರಿನಲ್ಲಿತ್ತು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ದೊಡ್ಡಪ್ಪ, ಅತ್ತೆ, ಮತ್ತು ತೀರಿಹೋದ ಅಪ್ಪನ ಜಾಗದಲ್ಲಿ ಅಣ್ಣ ಮತ್ತು ನಾನು. ಆ ರಸ್ತೆಯುದ್ದಕ್ಕೂ ಆಗ ಹೊಲಗಳು ಒಂದೊಂದಾಗಿ ಅದಿರು ಸುರಿಯುವ ಪ್ಲಾಟುಗಳಾಗುತ್ತಿದ್ದವು. ನಿನ್ನೆ ಜೋಳ ಇದ್ದಲ್ಲಿ ಇವತ್ತು ಕೆಂಪು ಗುಡ್ಡೆ. ನಮ್ಮ ಹೊಲಕ್ಕೂ ಒಬ್ಬ ದಲ್ಲಾಳಿ ಎಡತಾಕುತ್ತಿದ್ದ. ನಾಲ್ವರ ಸಹಿಯೂ ಬೇಕು ಎಂಬುದೊಂದೇ ಅತ್ತೆಯ ಮನೆಗೂ ಬಾವಿಗೂ ಇದ್ದ ಬೇಲಿ. ತಾನು ಸತ್ತರೂ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಅವಳು ಹೇಳಿದ್ದಳು. ಉಳಿದ ಮೂವರೂ ಅವಳ ಎದುರಿಗೆ ಹಾಗೆಯೇ ಹೇಳಿದ್ದೆವು.

ಆ ವರ್ಷ ಅವಳ ಕಣ್ಣಿನ ಪೊರೆ ತೆಗೆಸಬೇಕಾಯಿತು. ಕಪ್ಪು ಕನ್ನಡಕ ಹಾಕಿಕೊಂಡಿರಬೇಕು, ಒಂದೂವರೆ ತಿಂಗಳು ಧೂಳಿಗೆ ಹೋಗಬಾರದು ಎಂದರು ಡಾಕ್ಟರು. ಗಾದಿಗನೂರಿನಲ್ಲಿ ಧೂಳಿಗೆ ಹೋಗದೆ ಇರುವುದು ಎಂದರೆ ಉಸಿರಾಡದೆ ಇರುವುದು. ಹಾಗಾಗಿ ಹೊಸಪೇಟೆಗೆ, ನಮ್ಮ ಮನೆಗೆ ಬಂದಳು. ಮನೆಯಲ್ಲಿ ಅಣ್ಣ ಮತ್ತು ನಾನು ಇಬ್ಬರೇ. ಧಾರವಾಡದಲ್ಲಿ ಎಂ.ಎ. ಮುಗಿಸಿಕೊಂಡು ಬಂದು ನಾನು ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಕಿಟಕಿಗಳನ್ನೆಲ್ಲ ಮುಚ್ಚಿ, ಒದ್ದೆ ಪರದೆ ಕಟ್ಟಿದರೂ ಸಂಜೆಗೆ ನೆಲದ ಮೇಲೆ ನಮ್ಮ ಹೆಜ್ಜೆ ಮೂಡುತ್ತಿತ್ತು. ಟಿ.ವಿ. ನೋಡುವಂತಿಲ್ಲ, ಬಗ್ಗಿ ಕೆಲಸ ಮಾಡುವಂತಿಲ್ಲ. ಹೊತ್ತು ಹೋಗಲೆಂದು ಅಣ್ಣ ಆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ. ಭಾನುವಾರ ಕಂಪ್ಲಿಯಿಂದ ತಂಗಿಯನ್ನು ನೋಡಲು ಬರುತ್ತಿದ್ದ ದೊಡ್ಡಪ್ಪ ನಾಲ್ಕನೆಯವನಾದ.

ನಿಯಮದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಓದಿ ಹೇಳುವ ಕೆಲಸ ನನ್ನದು. ನಾಲ್ವರೂ ಒಂದೇ ಪಕ್ಷ. ಹಡಗಿನ ಈ ತುದಿಯಿಂದ ಆ ತುದಿಯ ಬಾಗಿಲಿಗೆ ನಾಲ್ಕು ಗೊಂಬೆಗಳೂ ಮುಟ್ಟಬೇಕು. ಒಂದು ಹಿಂದೆ ಉಳಿದರೂ ಎಲ್ಲರೂ ಸೋತಂತೆ. ಎಷ್ಟು ಮನೆ ನಡೆಯಬಹುದು ಎನ್ನುವುದು ಕೈಯಲ್ಲಿರುವ, ಇಸ್ಪೀಟಿನಂಥ ಎಲೆಗಳ ಮೇಲೆ. ಬೇಕಿದ್ದರೆ ನಿಮ್ಮ ಎಲೆಯನ್ನು ಇನ್ನೊಬ್ಬರಿಗೆ ಕೊಡಬಹುದು. ಎಲೆಗಳನ್ನು ಒಬ್ಬರಿಗೊಬ್ಬರು ತೋರಿಸಿ, ಮಾತಾಡಿಕೊಂಡು ಆಡಬಹುದು. ಚೇಳುಗಳ ನಡೆ ಮಾತ್ರ ಬೇರೆ ಕಪ್ಪು ಎಲೆಗಳ ಕಟ್ಟಿನಲ್ಲಿತ್ತು. ಪ್ರತಿ ಸುತ್ತಿಗೂ ಒಂದು ಎತ್ತಿ, ಅದು ಹೇಳಿದಂತೆ ಅವನ್ನು ಸರಿಸುವುದು.

ಇಷ್ಟನ್ನು ಹೇಳಿ ಮುಗಿಸಿದಾಗ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ.

‘ಚೇಳು ಹಿಡದು ಆಡೋರು ಯಾರು?’

ಯಾರೂ ಇಲ್ಲ ಎಂದೆ.

‘ಹಂಗಂದ್ರ ಹೆಂಗ? ಹುಲಿ-ಕುರಿ ಆಟದಾಗ ಕುರಿ ಒಬ್ರು ಹಿಡೀತಾರ, ಹುಲಿ ಒಬ್ರು ಹಿಡೀತಾರ. ಹುಲಿ ತಾನಽ ನಡ್ಯಂಗಿಲ್ಲ.’

ಅತ್ತೆಯೂ ಅವನ ಮಾತಿಗೆ ತಲೆಯಾಡಿಸಿದಳು. ಹಂಪಿಯ ಮಂಟಪಗಳ ನೆಲದಲ್ಲಿ ಯಾರೋ ಯಾವ ಕಾಲದಲ್ಲೋ ಕೊರೆದ ಹುಲಿ-ಕುರಿ ಮನೆಗಳಿವೆ. ಅಲ್ಲಿ ಕಡಲೆಕಾಳು ಮತ್ತು ಕಲ್ಲು ಇಟ್ಟುಕೊಂಡು ದೊಡ್ಡಪ್ಪ, ಅತ್ತೆ ಚಿಕ್ಕಂದಿನಲ್ಲಿ ಆಡುತ್ತಿದ್ದರಂತೆ. ನಾನೂ ಅತ್ತೆಯ ಜೊತೆ ಅಲ್ಲಿ ಕೂತು ಆಡಿದ್ದೇನೆ ಎಂಬ ನೆನಪು ನನಗಿದೆ, ಕಲ್ಲಿನ ಬಿಸಿಯ ಸಮೇತ. ಅಣ್ಣ ಹೇಳುವುದು, ಆ ದಿನ ನನಗೆ ಜ್ವರ, ನಾನು ಮನೆಯಲ್ಲೇ ಇದ್ದೆ, ಆಡಿದ್ದು ಅವನು ಎಂದು. ಇರಲಿ. ದೊಡ್ಡಪ್ಪ, ಅತ್ತೆ ಇಬ್ಬರ ಲೆಕ್ಕದಲ್ಲೂ ಎದುರಾಳಿ ಇಲ್ಲದ ಆಟ ಎಂಬುದು ಇರಲು ಸಾಧ್ಯವೇ ಇರಲಿಲ್ಲ. ಎದುರಾಳಿ ಕಾಣುತ್ತಿಲ್ಲವೆಂದರೆ ಅವನು ನಮ್ಮೊಳಗೇ ಕೂತಿದ್ದಾನೆ.

ಮೊದಲ ಸಂಶಯ ಬಂದದ್ದು ನನ್ನ ಮೇಲೆ. ಪುಸ್ತಕ ಓದಬಲ್ಲವಳು ನಾನೊಬ್ಬಳೇ ತಾನೆ? ಚೇಳು ಎರಡು ಮನೆ ಸರಿಯುತ್ತದೆ ಎಂದು ನಾನು ಹೇಳಿದಾಗಲೆಲ್ಲ ಅಣ್ಣ ಪುಸ್ತಕ ಕಿತ್ತುಕೊಂಡು, ಅಕ್ಷರ ಕೂಡಿಸಿ ಓದಿ, ವಾಪಸು ಕೊಡುತ್ತಿದ್ದ. ‘ಎಂ.ಎ. ಮಾಡಿದೋರು ಎರಡನ್ನ ಮೂರು ಮಾಡಿ ಓದ್ತಾರಲೇ’ ಎಂದು ನಗುತ್ತಿದ್ದ. ನಾನು ಒಮ್ಮೆಯೂ ತಪ್ಪು ಓದಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಖಾತ್ರಿಯಿಲ್ಲ. ಆಮೇಲೆ ಅಣ್ಣನ ಮೇಲೆ ಬಂತು, ಏಕೆಂದರೆ ಕಪ್ಪು ಎಲೆ ಕಲಸುತ್ತಿದ್ದವನು ಅವನು. ದೊಡ್ಡಪ್ಪನಂತೂ ತನ್ನ ಎಲೆಗಳನ್ನು ಎದೆಗೆ ಒತ್ತಿಕೊಂಡು ಕೂರುತ್ತಿದ್ದ. ತೋರಿಸಿದರೆ ನಮಗೇ ಒಳ್ಳೆಯದು ಎಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಕೈಯಲ್ಲಿದ್ದದ್ದು ತೋರಿಸಿದ ಮೇಲೆ ವ್ಯಾಪಾರ ಎಲ್ಲಿ ಉಳಿಯುತ್ತದೆ ಎನ್ನುವುದು ಅವನ ವಾದ. ಪ್ರತಿ ವಾರ ಸೋತೆವು. ಚೇಳುಗಳಿಂದ ಸೋತದ್ದು ಕಡಿಮೆ. ಬೇರೆಯವರು ಏನು ಮಾಡುತ್ತಾರೋ ನೋಡೋಣ ಎಂದು ಕಾಯುತ್ತ ಕೂತು ಸೋತದ್ದೇ ಹೆಚ್ಚು.

ಆಗಿನ ಹೊಸಪೇಟೆಯಲ್ಲಿ ಇದು ವಿಚಿತ್ರವೇನೂ ಆಗಿರಲಿಲ್ಲ. ಯಾರ ಲಾರಿ ಯಾರ ಪರ್ಮಿಟ್ಟಿನ ಮೇಲೆ ಓಡುತ್ತಿದೆ, ನಿನ್ನೆ ಸ್ಕೂಟರಿನಲ್ಲಿದ್ದವನು ಇವತ್ತು ದೊಡ್ಡ ಕಾರಿನಿಂದ ಇಳಿದದ್ದು ಹೇಗೆ, ಇಂಥವೇ ಮಾತು. ಕಾಲೇಜಿನ ಸ್ಟಾಫ್ ರೂಮಿನಲ್ಲೂ ಯಾರಾದರೂ ಫೋನು ಹಿಡಿದು ಹೊರಗೆ ಹೋದರೆ ಉಳಿದವರು ಬಾಗಿಲಿನತ್ತ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

ಅತ್ತೆ ಬಂದು ತಿಂಗಳಾಗಿರಬೇಕು. ಗಾದಿಗನೂರಿನಲ್ಲಿ ಅವಳ ಎಮ್ಮೆಗಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಹೊಲದ ಹೆಂಗಸು ಸೊಪ್ಪು ಮಾರಲು ಹೊಸಪೇಟೆಗೆ ಬಂದವಳು ನಮ್ಮ ಮನೆಗೆ ಬಂದು ಕುಳಿತಳು. ನೀರು ಕುಡಿದು ವಿಷಯ ಹೇಳಿದಳು. ಯಾರೋ ನಾಲ್ಕೈದು ಜನ ಜೀಪಿನಲ್ಲಿ ಬಂದು, ಟೇಪು ಹಿಡಿದು, ಹೊಲಕ್ಕೆಲ್ಲ ಗೂಟ ಹೊಡೆದು, ಸುಣ್ಣದ ಗೆರೆ ಎಳೆದು ಹೋಗಿದ್ದರು. ಒಂದು ಗೆರೆ ಮನೆಯ ಹಿಂದಿನ ಬಾವಿಯ ಕಟ್ಟೆಯ ಮೇಲೇ ಹಾದಿತ್ತಂತೆ. ಯಾರನ್ನು ಕೇಳಿ ಬಂದಿರಿ ಎಂದದ್ದಕ್ಕೆ, ಮನೆಯವರೇ ಹೇಳಿದ್ದಾರೆ, ಮುದುಕಿ ಊರಲ್ಲಿಲ್ಲ ಎಂದು ಗೊತ್ತು ಎಂದರಂತೆ.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ, ತಟ್ಟೆ ನೋಡುತ್ತ, ಕಣ್ಣಿನ ಪೊರೆ ತೆಗೆಸಿಕೋ ಎಂದು ಮೊದಲು ಹೇಳಿದವರು ಯಾರು ಎಂದು ಕೇಳಿದಳು.

ಅಣ್ಣ ದೊಡ್ಡಪ್ಪ ಎಂದ. ಫೋನಿನಲ್ಲಿ ಕೇಳಿದಾಗ ದೊಡ್ಡಪ್ಪ ನನ್ನ ಹೆಸರು ಹೇಳಿದ. ನನಗೆ ನೆನಪಿರುವಂತೆ ದಾರಿ ಕಾಣುವುದಿಲ್ಲ, ಪೊರೆ ತೆಗೆಸಿಬಿಡಲೇ ಎಂದು ಅತ್ತೆಯೇ ಅಳುಕುತ್ತ ಕೇಳಿದ್ದಳು, ನಾವು ಹೂಂ ಎಂದಿದ್ದೆವು. ಆದರೆ ಆ ನೆನಪು ನನ್ನ ಪರವಾಗಿಯೇ ಇರುವುದರಿಂದ ಅದನ್ನು ನಾನು ಪೂರ್ತಿ ನಂಬುವುದಿಲ್ಲ. ನನ್ನ ಅನುಮಾನ ಅಣ್ಣನ ಮೇಲಿತ್ತು. ಅವನ ಅಂಗಡಿಗೆ ಬರುವವರೆಲ್ಲ ಅದಿರಿನ ಲಾರಿಯವರು. ಆ ದಲ್ಲಾಳಿಯೂ ಅಲ್ಲೇ ಟೈರಿನ ಮೇಲೆ ಕೂತು ಚಹಾ ಕುಡಿಯುವುದನ್ನು ನಾನು ಕಂಡಿದ್ದೆ. ಅಣ್ಣನಿಗೆ ದೊಡ್ಡಪ್ಪನ ಮೇಲೆ. ಕಂಪ್ಲಿಯಲ್ಲಿ ಗಿರಣಿ ಅರ್ಧ ದಿನ ನಿಂತೇ ಇರುತ್ತದೆ, ಹೊಸ ಯಂತ್ರ ಹಾಕಿಸುವ ಮಾತಾಡುತ್ತಿದ್ದಾನೆ, ದುಡ್ಡು ಎಲ್ಲಿಂದ ಎಂದು ಅವನು ನನ್ನ ಕಿವಿಯಲ್ಲಿ ಕೇಳಿದ. ದೊಡ್ಡಪ್ಪನಿಗೆ ನಮ್ಮಿಬ್ಬರ ಮೇಲೂ ಇತ್ತು ಎಂದು ಆಮೇಲೆ ತಿಳಿಯಿತು.

ಮುಂದಿನ ಭಾನುವಾರ ದೊಡ್ಡಪ್ಪ ಬಂದ. ಆ ದಿನ ಆಟ ಬೇಡವೆಂದು ನಾನು ಅಂದುಕೊಂಡಿದ್ದೆ. ಅತ್ತೆಯೇ ರಟ್ಟುಗಳನ್ನು ಹಾಸಲು ಹೇಳಿದಳು. ನಾನು ಮಂಡಕ್ಕಿ ಒಗ್ಗಾಣಿ, ಮಿರ್ಚಿ ಮಾಡಿದ್ದೆ. ಎಲ್ಲರೂ ಹಪಹಪಿಸಿ ತಿನ್ನುವ ತಿಂಡಿ ತಟ್ಟೆಯಲ್ಲೇ ತಣ್ಣಗಾಯಿತು. ಗೂಟದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಗೊಂಬೆಗಳನ್ನು ಮಾತ್ರ ಸರಿಸಿದೆವು. ಅದುವರೆಗೆ ಯಾವತ್ತೂ ಅಷ್ಟು ಚೆನ್ನಾಗಿ ಆಡಿರಲಿಲ್ಲ. ಎಲ್ಲರೂ ಎಲ್ಲರನ್ನೂ ಕಣ್ಣಿಟ್ಟು ನೋಡುತ್ತಿದ್ದುದರಿಂದಲೋ ಏನೋ, ತಪ್ಪುಗಳೇ ಆಗಲಿಲ್ಲ. ನನ್ನ ಗೊಂಬೆ ಬಾಗಿಲು ಮುಟ್ಟಿತು. ಅಣ್ಣನದೂ ಮುಟ್ಟಿತು. ದೊಡ್ಡಪ್ಪನದು ಬಾಗಿಲಿನ ಮುಂದಿನ ಮನೆಯಲ್ಲಿ. ಅತ್ತೆಯದು ಹಿಂದೆ ಉಳಿದಿತ್ತು. ಅವಳ ಕೈಯಲ್ಲಿ ಎಲೆ ಮುಗಿದಿತ್ತು, ಹಿಂದಿನ ಓಣಿಯಲ್ಲಿ ಚೇಳು.

ನಡೆ ದೊಡ್ಡಪ್ಪನದು. ಅವನ ಕೈಯಲ್ಲಿ ಒಂದೇ ಎಲೆ ಉಳಿದಿತ್ತು. ಅದರ ಅಂಕಿ ದೊಡ್ಡದಿದ್ದರೆ ಅತ್ತೆಗೆ ಕೊಡಬಹುದು, ಚಿಕ್ಕದಿದ್ದರೆ ತಾನು ದಾಟಿ ಮುಂದಿನ ಸುತ್ತಿಗೆ ಕಾಯಬಹುದು. ತೋರಿಸಿರಿ ದೊಡ್ಡಪ್ಪ, ಕೂಡಿ ಯೋಚನೆ ಮಾಡೋಣ ಎಂದೆ. ಅವನು ತೋರಿಸಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹಾಸಿಕೊಂಡು ಅಣ್ಣನತ್ತ ಚಾಚಿದ.

ದನದ ಸಂತೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ಮಾತಾಡಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಬಟ್ಟೆ ಅಲುಗುವುದಷ್ಟೇ ಕಾಣುವುದು. ಬಾಯಲ್ಲಿ ಎಷ್ಟು ಸುಳ್ಳಾದರೂ ಹೇಳಬಹುದು, ಟವೆಲ್ಲಿನ ಕೆಳಗೆ ಹೇಳುವಂತಿಲ್ಲ. ಹೇಳಿದವನ ಕೈಯನ್ನು ಸಂತೆಯಲ್ಲಿ ಮತ್ತೆ ಯಾರೂ ಹಿಡಿಯುವುದಿಲ್ಲ. ಗಿರಣಿ ಹಾಕುವ ಮೊದಲು ದೊಡ್ಡಪ್ಪ ಎತ್ತಿನ ವ್ಯಾಪಾರ ಮಾಡಿದವನು. ಅಣ್ಣ ಚಿಕ್ಕಂದಿನಲ್ಲಿ ಅವನ ಹಿಂದೆ ಸಂತೆ ಸುತ್ತಿ ಕಲಿತಿದ್ದ. ಈಗ ಅಣ್ಣ ನಗುತ್ತ ಟವೆಲ್ಲಿನ ಕೆಳಗೆ ಕೈ ತೂರಿಸಿದ. ಬಟ್ಟೆ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಒಂದು ಎಲೆಯ ಅಂಕಿ ಹೇಳಲು ಅಷ್ಟು ಹೊತ್ತು ಬೇಕೇ ಎಂದು ನನಗೆ ಆಗಲೇ ಅನ್ನಿಸಿತೋ, ಆಮೇಲೆ ಅನ್ನಿಸಿದ್ದನ್ನು ಆ ಗಳಿಗೆಗೆ ಅಂಟಿಸಿಕೊಂಡಿದ್ದೇನೋ, ತಿಳಿಯದು.

‘ಯಣ್ಣಾ,’ ಅಂದಳು ಅತ್ತೆ. ‘ಇಲ್ಲಿ ಯಾರಿಗೆ ಮುಚ್ಚಾಕತ್ತೀ? ಚೇಳಿಗೆ ಕಿವಿ ಐತೇನು?’

‘ಚಾಳಿ ಬಿಡಂಗಿಲ್ಲವಾ ತಂಗಿ,’ ಎಂದ ದೊಡ್ಡಪ್ಪ.

‘ನಾವು ನಾಕು ಮಂದಿ ಒಂದಽ ಕಡಿ ಅಂತ ಈಕಿ ಓದಿ ಹೇಳ್ಯಾಳ. ಮತ್ತ ನಂಗ ಕಾಣದಂಗ ನೀವಿಬ್ರು ಏನ್ ಮಾತಾಡ್ತೀರಿ?’

ಅಣ್ಣ ಏನೋ ಹೇಳಲು ಹೋದ. ಅತ್ತೆ ಮುಂದಕ್ಕೆ ಬಾಗಿ, ಬಾಗಬಾರದು ಎಂದು ನಾನು ಅನ್ನುವಷ್ಟರಲ್ಲಿ, ಅಣ್ಣನ ಮುಂಗೈ ಹಿಡಿದು ಹೊರಗೆಳೆದು, ತನ್ನ ಕೈಯನ್ನು ಟವೆಲ್ಲಿನ ಕೆಳಗೆ ಇಟ್ಟಳು.

‘ಹೆಣ್ಮಕ್ಕಳು ಇದ್ರಾಗ ಕೈ ಹಾಕಂಗಿಲ್ಲ,’ ಎಂದ ದೊಡ್ಡಪ್ಪ. ದನಿ ಏರಲಿಲ್ಲ. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

‘ಹಾಕೀನಲ್ಲ. ಈಗ ಕೇಳ್ತೀನಿ. ಹೊಲದಾಗ ಗೂಟ ಹೊಡಸಿದಾವ ನೀನಽ ಏನು? ಹೌದಂದ್ರ ಒಂದು ಬೆರಳು ಹಿಡಿ. ಅಲ್ಲಂದ್ರ ಎರಡು.’

ರಸ್ತೆಯಲ್ಲಿ ಲಾರಿಗಳು ಸಾಲಾಗಿ ನಿಂತು ಹಾರನ್ನು ಹೊಡೆಯುತ್ತಿದ್ದವು. ನಾನು ಟವೆಲ್ಲನ್ನೇ ನೋಡುತ್ತಿದ್ದೆ. ಹಸಿರು ಅಂಚಿನ ಬಿಳಿ ಟವೆಲ್. ಅದು ಒಂದು ಸಲ ಅಲುಗಿದ್ದು ಖಂಡಿತ. ಬೆರಳು ಒಂದೋ ಎರಡೋ ಎಂದು ಬಟ್ಟೆಯ ಮೇಲಿನಿಂದ ಹೇಳಲು ಬರುವಂತಿದ್ದರೆ ಆ ಪದ್ಧತಿ ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಅಣ್ಣ ನೋಡುತ್ತಿದ್ದದ್ದು ಟವೆಲ್ಲನ್ನಲ್ಲ, ಅತ್ತೆಯ ಮುಖವನ್ನು. ಆದರೆ ಅಲ್ಲಿ ಕಪ್ಪು ಕನ್ನಡಕವಿತ್ತು.

ಅವಳು ಕೈ ಹೊರಗೆ ತೆಗೆದು ಸೆರಗಿಗೆ ಒರೆಸಿಕೊಂಡಳು. ‘ಆತು,’ ಎಂದಳು. ‘ಇನ್ನ ನಿನ್ನ ಎಲಿ ಕೆಳಗ ಇಡು.’

ದೊಡ್ಡಪ್ಪ ಎಲೆಯನ್ನು ಮುಖ ಮೇಲಾಗಿ ಇಟ್ಟ. ದೊಡ್ಡ ಎಲೆ. ಅದನ್ನು ಅತ್ತೆಯ ಮುಂದಕ್ಕೆ ಸರಿಸಿದ. ಅವಳು ತನ್ನ ಗೊಂಬೆಯನ್ನು ಒಂದೊಂದೇ ಮನೆ ಎಣಿಸಿ ನಡೆಸಿ, ದೊಡ್ಡಪ್ಪನ ಗೊಂಬೆಯನ್ನು ದಾಟಿ, ಬಾಗಿಲಿಗೆ ಮುಟ್ಟಿಸಿದಳು. ಅಣ್ಣ ಕಪ್ಪು ಎಲೆ ಎತ್ತಿದ. ಚೇಳುಗಳು ಬಂದು ದೊಡ್ಡಪ್ಪನನ್ನು ಹಿಡಿದವು. ಸೋತೆವು. ನಿಯಮದ ಪ್ರಕಾರ ಅತ್ತೆಯೂ ಸೋತಂತೆ ಎಂದು ಹೇಳಬೇಕಾದವಳು ನಾನು. ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಟ್ಟೆ ಗಂಟು ಕಟ್ಟಿದ್ದಳು. ಕಂಪ್ಲಿಗೆ ಹೋಗದೆ ನಮ್ಮಲ್ಲೇ ಉಳಿದಿದ್ದ ದೊಡ್ಡಪ್ಪ ತನ್ನ ಜೀಪು ಹೊರಡಿಸಿದ. ಧೂಳು, ಕಣ್ಣು ಎಂದು ನಾನು ಹೇಳಿದ್ದನ್ನು ಇಬ್ಬರೂ ಕೇಳಲಿಲ್ಲ. ಕೊನೆಗೆ ಕಾಲೇಜಿಗೆ ರಜೆ ಹಾಕಿ ನಾನೂ ಹತ್ತಿಕೊಂಡೆ. ಅಣ್ಣ ತನ್ನ ಬೈಕಿನಲ್ಲಿ ಹಿಂದೆ ಬಂದ. ಗಾದಿಗನೂರಿಗೆ ಮುಟ್ಟಿದ ಮೇಲೆ ಅವನು ಬೈಕು ನಿಲ್ಲಿಸಿದ್ದು ರಸ್ತೆಯಲ್ಲೇ. ಹೊಲಕ್ಕೆ ಇಳಿಯಲಿಲ್ಲ.

ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಗೂಟಗಳನ್ನು ಕೀಳತೊಡಗಿದ. ನೆಲ ಗಟ್ಟಿಯಿತ್ತು. ಅವನ ವಯಸ್ಸಿಗೆ ಆ ಕೆಲಸ ಸುಲಭವಲ್ಲ. ಒಂದೊಂದನ್ನೂ ಆಚೀಚೆ ಅಲುಗಾಡಿಸಿ, ಎಳೆದು, ತಂದು, ಅತ್ತೆಯ ಒಲೆಯ ಪಕ್ಕ ಸೌದೆಯ ಹಾಗೆ ಒಟ್ಟಿದ. ಸುಣ್ಣದ ಗೆರೆಗಳನ್ನು ಚಪ್ಪಲಿ ಕಾಲಿನಿಂದ ಒರೆಸಿದ. ನಾನು ರಸ್ತೆಗೆ ಹೋದಾಗ ಅಣ್ಣ ಹೇಳಿದ, ನೋಡು, ಹೊಡೆಸಿದವನೇ ಕೀಳುತ್ತಾನೆ. ಬೇಲಿಯ ಮುಳ್ಳಿನೊಳಗಿದ್ದ ಗೂಟ ಅವನಿಗೆ ಹೇಗೆ ಗೊತ್ತಾಯಿತು? ನಾನು ಹೇಳಿದೆ, ಗೆರೆ ಹಿಡಿದು ಹೋದರೆ ಯಾರಿಗಾದರೂ ಸಿಗುತ್ತದೆ. ಅಪವಾದ ಹೊತ್ತವನೂ ಹಾಗೆಯೇ ಕೀಳುತ್ತಾನೆ, ಇನ್ನೂ ಸಿಟ್ಟಿನಿಂದ. ಅಣ್ಣ ನನ್ನನ್ನು ಒಂದು ಗಳಿಗೆ ನೋಡಿ, ನೀನೇಕೆ ಅವನ ಪರ ಎಂದು ಕೇಳಿದ. ನೀನೇಕೆ ಹೊಲಕ್ಕೆ ಇಳಿಯುತ್ತಿಲ್ಲ ಎಂದು ನಾನು ಕೇಳಲಿಲ್ಲ. ಕೇಳಿದೆ ಎಂದು ಅವನು ಹೇಳುತ್ತಾನೆ.

ದೊಡ್ಡಪ್ಪ ಆಮೇಲೆ ದಲ್ಲಾಳಿಯನ್ನು ಗಿರಣಿಯ ಮೆಟ್ಟಿಲು ಹತ್ತಗೊಡಲಿಲ್ಲ. ಅತ್ತೆ ಹೆಬ್ಬೆಟ್ಟು ಒತ್ತಲಿಲ್ಲ. ಎರಡೂ ಬದಿಯ ಹೊಲಗಳು ಪ್ಲಾಟುಗಳಾದವು, ನಮ್ಮದು ಆಗಲಿಲ್ಲ. ಅವಳ ಈರುಳ್ಳಿ ಎಲೆಗಳು ಬೇಸಿಗೆಯಲ್ಲೂ ಮಳೆಗಾಲದಲ್ಲೂ ಕೆಂಪಾಗಿಯೇ ಇರುತ್ತಿದ್ದವು. ಆದರೂ ಬೆಳೆಯುತ್ತಿದ್ದವು. ಬಾವಿ ಉಳಿಯಿತು. ಪೆಟ್ಟಿಗೆಯನ್ನು ಮತ್ತೆ ಯಾರೂ ತೆರೆಯಲಿಲ್ಲ.

ಆ ಸೋಮವಾರ ಸಂಜೆ ದೊಡ್ಡಪ್ಪನೂ ಅಣ್ಣನೂ ಹೋದ ಮೇಲೆ ನಾನು ಅತ್ತೆಯ ಜೊತೆ ಉಳಿದೆ. ಅವಳು ಬಾಗಿಲಲ್ಲಿ ಒರಳಿನ ಪಕ್ಕ ಕೂತಿದ್ದಳು. ಅವನು ಹಿಡಿದದ್ದು ಒಂದು ಬೆರಳೋ ಎರಡೋ ಎಂದು ಕೇಳಿದೆ.

‘ಅದು ನಿನಗ್ಯಾಕ?’ ಎಂದಳು. ಆಮೇಲೆ ತಾನಾಗಿಯೇ, ‘ನಿಮ್ಮಣ್ಣನ ಕೈನೂ ಹಿಡದು ಕೇಳ್ಬೇಕಾಗಿತ್ತು. ನಿನ್ನ ಕೈನೂ,’ ಎಂದಳು.

ನಾನು ಕೈ ಚಾಚಿದೆ. ಈಗ ಕೇಳು ಎಂದೆ.

‘ಈಗ ಬ್ಯಾಡ. ಈಗ ಏನ್ ಹೇಳ್ಬೇಕಂತ ನಿಂಗ ಗೊತ್ತೈತಿ.’

ಕಣ್ಣಿಗೆ ಔಷಧಿ ಬಿಡುವ ಹೊತ್ತಾಗಿತ್ತು. ಅವಳೊಬ್ಬಳಿಂದ ಆಗುವ ಕೆಲಸವಲ್ಲ ಅದು. ಚೀಲದಿಂದ ಬಾಟಲಿ ತೆಗೆದುಕೊಂಡು ಹತ್ತಿರ ಹೋದೆ. ಕನ್ನಡಕ ತೆಗೆದಳು. ಬಾಟಲಿಯನ್ನು ನನ್ನ ಕೈಯಿಂದ ಇಸಿದುಕೊಂಡು, ದೀಪಕ್ಕೆ ಹಿಡಿದು ಮುಚ್ಚಳದ ಬಣ್ಣ ನೋಡಿ, ಮೂಸಿ, ವಾಪಸು ಕೊಟ್ಟಳು. ಆಮೇಲೆ ತಲೆ ಹಿಂದಕ್ಕೆ ಒರಗಿಸಿ, ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದು, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತ ಕೂತಳು.